ಸಿಬಿ ರೇಡಿಯೊಗೆ ಕರೆಂಟ್ ಎಲ್ಲಿಂದ ಕೊಡಲಿ?

ಪ್ರಶ್ನೆ: ಟೆಕ್ಸಾಸ್‌ನಲ್ಲಿದ್ದೇನೆ. ಪಿಕಪ್‌ಗೆ 40 ಚಾನೆಲ್‌ನ ಸಿಬಿ ರೇಡಿಯೊ (ಗಾಡಿಯಿಂದ ಗಾಡಿಗೆ ಮಾತಾಡುವ ರೇಡಿಯೊ) ಹಾಕಿಸಿ, ಸದ್ಯಕ್ಕೆ ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟ್ ಕೊಟ್ಟಿದ್ದೇನೆ. ಎಂಜಿನ್ ಆಫ್ ಇದ್ದರೆ 19ನೇ ಚಾನೆಲ್‌ನಲ್ಲಿ ಟ್ರಕ್ಕಿನವರ ಮಾತು ಚೆನ್ನಾಗಿ ಕೇಳುತ್ತದೆ. ಸ್ಟಾರ್ಟ್ ಮಾಡಿದರೆ ಕುಂಯ್ ಅಂತ ಸದ್ದು, ಆಕ್ಸಿಲರೇಟರ್ ಒತ್ತಿದಷ್ಟೂ ಜಾಸ್ತಿ. ರೇಡಿಯೊ ಕೆಟ್ಟಿದೆಯಾ?

ಉತ್ತರ 1: ಸುಮ್ನೆ ರೇಡಿಯೊ ಬದಲಾಯಿಸಬೇಡಿ, ಅದು ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟ್ ತಯಾರಿಸುವ ಭಾಗ) ಸದ್ದು. ಕೆಂಪು ವೈರನ್ನು ನೇರವಾಗಿ ಬ್ಯಾಟರಿಯ ಪ್ಲಸ್‌ಗೆ ಎಳೆಯಿರಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ, ರೇಡಿಯೊ ಹತ್ತಿರ ಮಾತ್ರ ಇದ್ದರೆ ಮಧ್ಯದಲ್ಲಿ ವೈರ್ ಗಾಡಿಯ ಲೋಹದ ಬಾಡಿಗೆ ಉಜ್ಜಿ ಶಾರ್ಟ್ ಆದಾಗ ಅದು ಕಾಪಾಡುವುದಿಲ್ಲ, ಬೆಂಕಿ ಹತ್ತಬಹುದು ಅಲ್ವಾ? ವೈರ್ ಒಳಗೆ ಬರುವ ತೂತಿಗೆ ರಬ್ಬರ್ ಗ್ರಾಮೆಟ್ (ವೈರ್ ಉಜ್ಜದಂತೆ ತಡೆಯುವ ಬಳೆ) ಹಾಕಿ.

ಉತ್ತರ 2: ಕಪ್ಪು ವೈರಿನ ಬಗ್ಗೆ ಒಂದು ಮಾತು. ಹಲವು ಹೊಸ ಗಾಡಿಗಳಲ್ಲಿ ಮೈನಸ್ ಟರ್ಮಿನಲ್ ಮೇಲೆ ಬ್ಯಾಟರಿಯ ಕರೆಂಟ್ ಅಳೆಯುವ ಸೆನ್ಸರ್ ಇರುತ್ತದೆ. ಹಾಗಿದ್ದರೆ ಅಲ್ಲಿ ಸಿಕ್ಕಿಸಬೇಡಿ, ಬ್ಯಾಟರಿಯ ಮೈನಸ್ ಕೇಬಲ್ ಬಾಡಿಗೆ ಸೇರುವ ಜಾಗದಲ್ಲಿ, ಪೇಂಟ್ ಕೆರೆದು ಬಿಗಿಯಿರಿ. ಆಮೇಲೆ ಆಂಟೆನಾದ ಎಸ್‌ಡಬ್ಲ್ಯುಆರ್ (ರೇಡಿಯೊ ಕಳಿಸಿದ ಶಕ್ತಿ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತಿದೆ ಎಂದು ತೋರಿಸುವ ಅಳತೆ) ನೋಡಿ. 2ರ ಒಳಗಿದ್ದರೆ ಚಿಂತೆ ಇಲ್ಲ, 3 ದಾಟಿದರೆ ಮೈಕ್ ಒತ್ತಲೇಬೇಡಿ.

ಪ್ರಶ್ನೆ ಕೇಳಿದವರು: ಸೆನ್ಸರ್ ಇತ್ತು! ಬಾಡಿಗೆ ಬಿಗಿದೆ, ಸದ್ದು ಹೋಯಿತು. ಈಗ ಕೀ ತೆಗೆದರೂ ರೇಡಿಯೊ ಆನ್ ಇರುತ್ತದೆ.

ಉತ್ತರ 1: ಹೌದು, ನೇರ ಬ್ಯಾಟರಿ ಅಂದರೆ ಹಾಗೇ. ಇಳಿಯುವಾಗ ಆಫ್ ಮಾಡಿ, ಇಲ್ಲವೇ ಕೀ ಆನ್ ಇದ್ದಾಗ ಮಾತ್ರ ಕರೆಂಟ್ ಬಿಡುವ ಸ್ವಿಚ್, ಅಂದರೆ ರಿಲೇ ಹಾಕಿ.