ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಲಾ? ನಮಗೆ ಮಗು ಬೇಕು, ಸಹಾಯ ಮಾಡಿ

ನಮಸ್ಕಾರ. ನನಗೆ 36 ವರ್ಷ, ಊರು ದಾವಣಗೆರೆ. ಒಂದು ವರ್ಷದಿಂದ ವಿಪರೀತ ಸುಸ್ತು, ಯಾವುದರಲ್ಲೂ ಆಸಕ್ತಿಯಿಲ್ಲ. ಬೆಳಿಗ್ಗೆ 8 ಗಂಟೆಗೆ, ಖಾಲಿ ಹೊಟ್ಟೆಯಲ್ಲಿ ಎರಡು ಸಲ ರಕ್ತ ಕೊಟ್ಟೆ. ಗಂಡಸರ ಹಾರ್ಮೋನ್ ಟೆಸ್ಟೋಸ್ಟೆರಾನ್ 210 ng/dL, ಆಮೇಲೆ 225 ಬಂತು. 300ಕ್ಕಿಂತ ಕೆಳಗಿದ್ದರೆ ಕಡಿಮೆ ಅನ್ನುತ್ತಾರೆ. ಎಲ್‌ಎಚ್ (ಟೆಸ್ಟೋಸ್ಟೆರಾನ್ ತಯಾರಿಸಲು ವೃಷಣಕ್ಕೆ ಸೂಚನೆ ಕೊಡುವ ಪಿಟ್ಯುಟರಿ ಹಾರ್ಮೋನ್) ಕೂಡ ಕಡಿಮೆಯಿದೆ. ಆರು ತಿಂಗಳು ವಾಕಿಂಗ್ ಮಾಡಿ 7 ಕೆಜಿ ಇಳಿಸಿದೆ, ನಿದ್ದೆ ಸರಿ ಮಾಡಿಕೊಂಡೆ. ಸುಸ್ತು ಹೋಗಲಿಲ್ಲ.

ಡಾಕ್ಟರ್ ಇಂಜೆಕ್ಷನ್ ಶುರು ಮಾಡೋಣ ಅಂದರು. ಆದರೆ ನಮಗೆ ಇನ್ನೂ ಮಗುವಾಗಿಲ್ಲ. ಹೊರಗಿನಿಂದ ಹಾರ್ಮೋನ್ ಕೊಟ್ಟರೆ ಮಿದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಸೂಚನೆ ಕೊಡುವ ಕೆಲಸ ಕಡಿಮೆ ಮಾಡುತ್ತದೆ, ವೀರ್ಯಾಣು ಹುಟ್ಟುವುದೇ ನಿಂತು ಹೋಗಬಹುದು, ಅಲ್ವಾ? ಇದನ್ನು ಅವರು ಹೇಳಲೇ ಇಲ್ಲ. ಹೆಂಡತಿಗೆ ಏನು ಹೇಳಲಿ ಅಂತ ಗೊತ್ತಾಗುತ್ತಿಲ್ಲ.

ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬದಲು, ದೇಹವೇ ಟೆಸ್ಟೋಸ್ಟೆರಾನ್ ತಯಾರಿಸುವಂತೆ ಮಾಡುವ ಔಷಧಿಗಳಾದ ಕ್ಲೋಮಿಫೀನ್ ಅಥವಾ ಎಚ್‌ಸಿಜಿ ತಗೊಂಡವರು ಇದ್ದೀರಾ? ನಾನು ಮೊದಲು ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ಹತ್ತಿರ ಹೋಗಬೇಕಾ, ಆಂಡ್ರಾಲಜಿಸ್ಟ್ (ಗಂಡಸರ ಸಂತಾನ ಸಮಸ್ಯೆಯ ತಜ್ಞರು) ಹತ್ತಿರವಾ?