ತಬಲಾ ಬಿಟ್ಟು ಎದ್ದರೆ ಸಾಕು, ಯಾರಾದರೂ ಬಂದು ಬಡಿಯುತ್ತಾರೆ. ಹೇಗೆ ಹೇಳೋದು?

ಕರಿಒಂದು_ದಾವಣಗೆರೆ:

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಹತ್ತಿರದ ಒಂದು ಹಳ್ಳಿಯ ಭಜನಾ ಮಂಡಳಿಯಲ್ಲಿ ತಬಲಾ ನುಡಿಸುತ್ತೇನೆ. ಶ್ರಾವಣ ಬಂತು ಅಂದ್ರೆ ನಮಗೆ ಬಿಡುವೇ ಇರಲ್ಲ.

ಮೊನ್ನೆ ಹರಿಹರದ ಕಡೆ ಒಂದು ಗುಡಿಯಲ್ಲಿ ಕಾರ್ಯಕ್ರಮ ಇತ್ತು. ಹಾರ್ಮೋನಿಯಂನ ಕರಿ ಒಂದಕ್ಕೆ (ಮೊದಲ ಕಪ್ಪು ಮನೆಯ ಸುರಕ್ಕೆ) ತಬಲಾ ಕೂಡಿಸಿಟ್ಟು, ಮಂಗಳಾರತಿ ಮುಗಿಯೋವರೆಗೆ ಚಹಾ ಕುಡಿದು ಬರೋಣ ಅಂತ ಹೊರಗೆ ಹೋದೆ. ವಾಪಸ್ ಬಂದು ನೋಡಿದರೆ ನನ್ನ ಜಾಗದಲ್ಲಿ ಊರಿನ ಹಿರಿಯರೊಬ್ಬರು ಕೂತಿದ್ದಾರೆ, ತೊಡೆ ಮೇಲೆ ಮೊಮ್ಮಗ, ಅವನ ಕೈ ಹಿಡಿದು ಡಗ್ಗಾ (ಎಡಗೈಯ ದೊಡ್ಡ ತಬಲಾ) ಬಡಿಸುತ್ತಿದ್ದಾರೆ, ನಡುನಡುವೆ ತಾವೂ ತಬಲಾ ಮೇಲೆ ಎರಡೇಟು ಹಾಕುತ್ತಿದ್ದಾರೆ. ಬೆರಳಲ್ಲಿ ದಪ್ಪ ಉಂಗುರಗಳು. ಪಕ್ಕದಲ್ಲೇ ಮಂಡಕ್ಕಿ ಮೆಣಸಿನಕಾಯಿ ಪೊಟ್ಟಣ. ನಡುವಿನ ಕಪ್ಪಿನ ಮೇಲೆ ಎಣ್ಣೆ ಬೆರಳಿನ ಗುರುತು ಟ್ಯೂಬ್‌ಲೈಟ್ ಬೆಳಕಿಗೆ ಮಿಣಮಿಣ ಅಂತಿತ್ತು. ಅವತ್ತಿನ ಪ್ರಸಾದದ ಖರ್ಚು ಅವರದೇ. ಹಾಗಾಗಿ ಸುಮ್ನೆ ನಿಂತೆ, ಅವರಾಗೇ ಎದ್ದ ಮೇಲೆ ಒರೆಸಿಕೊಂಡು ಕೂತೆ.

ನನಗೆ ಗೊತ್ತಾಗಬೇಕಾದ್ದು ಎರಡು. ದೊಡ್ಡವರಿಗೆ ಬೇಜಾರಾಗದ ಹಾಗೆ ಇದನ್ನು ಹೇಗೆ ಹೇಳೋದು? ಇನ್ನೊಂದು, ಬೇರೆ ಊರಿಗೆ ಬರಿಗೈಲಿ ಹೋದಾಗ ಅಲ್ಲಿ ಇಟ್ಟಿರೋ ತಬಲಾ ನುಡಿಸೋಕೆ ನಾನು ಯಾರನ್ನು ಕೇಳಬೇಕು?

ತಬಲಾ ಮೇಷ್ಟ್ರು:

ತಮ್ಮಾ, ಮೊದಲು ಮುಚ್ಚಿಟ್ಟು ಏಳೋದನ್ನು ರೂಢಿ ಮಾಡಿಕೊ. ಎರಡರ ಮೇಲೂ ಮೆತ್ತೆ ಇಡು, ಅದರ ಮೇಲೆ ಟವೆಲ್ ಹಾಕು, ಸುರ ಕೂಡಿಸೋ ಸುತ್ತಿಗೆ ಚೀಲದೊಳಗೆ ಹಾಕು. ಮುಚ್ಚಿದ್ದನ್ನು ಬಿಚ್ಚಿ ಬಡಿಯುವವರು ಬಹಳ ಕಡಿಮೆ. ತೆರೆದಿಟ್ಟರೆ ಕೈ ತಾನಾಗೇ ಹೋಗುತ್ತೆ. ಅದು ಕೆಟ್ಟ ಬುದ್ಧಿಯಿಂದ ಆಗೋದಲ್ಲ, ಚರ್ಮವಾದ್ಯ ಕಂಡರೆ ಎಲ್ಲರಿಗೂ ಒಮ್ಮೆ ತಟ್ಟಬೇಕು ಅನಿಸುತ್ತೆ.

ಆ ಕಪ್ಪು ಭಾಗವನ್ನು ಹೇಗೆ ಮಾಡ್ತಾರೆ ಅಂತ ಒಮ್ಮೆ ಕೂತು ನೋಡಿದವರು ಯಾರೂ ಅದರ ಮೇಲೆ ಎಣ್ಣೆ ಕೈ ಇಡಲ್ಲ. ಕಬ್ಬಿಣದ ಪುಡಿಯನ್ನು ಹಿಟ್ಟಿನ ಅಂಟಿನಲ್ಲಿ ಕಲಸಿ, ತೆಳ್ಳಗೆ ಒಂದು ಪದರ ಬಳಿದು, ನುಣುಪು ಕಲ್ಲಿನಿಂದ ಉಜ್ಜಿ ಉಜ್ಜಿ ಒಣಗಿಸಿ, ಅದರ ಮೇಲೆ ಇನ್ನೊಂದು ಪದರ, ಮತ್ತೆ ಉಜ್ಜೋದು, ಮತ್ತೆ ಬಳಿಯೋದು, ಹೀಗೆ ಗಂಟೆಗಟ್ಟಲೆ ನಡೆಯುತ್ತೆ. ಉಜ್ಜುತ್ತಾ ಹೋದ ಹಾಗೆ ತೀರಾ ಸಣ್ಣ ಬಿರುಕುಗಳು ಬಿಡುತ್ತವೆ. ಬಿರುಕು ಇರೋದರಿಂದಲೇ ಅಷ್ಟು ಗಟ್ಟಿ ಪದರದ ಕೆಳಗೂ ಚರ್ಮ ಅದುರುತ್ತೆ. ಸಿ.ವಿ. ರಾಮನ್ ಅವರು 1920ರಲ್ಲೇ ಇದರ ಮೇಲೆ ಬರೆದಿದ್ದರು. ಬರೀ ಚರ್ಮ ಬಿಗಿದ ಡೋಲಿನಲ್ಲಿ ಸ್ಪಷ್ಟವಾದ ಸುರ ಹುಟ್ಟಲ್ಲ, ನಡುವೆ ಈ ಭಾರ ಕೂತಿರೋದರಿಂದಲೇ ನಮ್ಮ ತಬಲಾ, ಮೃದಂಗದಲ್ಲಿ ತಂತಿ ವಾದ್ಯದ ಥರ ಸುರ ನಿಲ್ಲುತ್ತೆ ಅಂತ ತೋರಿಸಿದರು. ಎಣ್ಣೆ, ಬೆವರು ಆ ಬಿರುಕಿಗೆ ಇಳಿದರೆ ನಾದ ಮಂಕಾಗುತ್ತೆ. ಉಂಗುರ ತಗುಲಿದರೆ ಅಂಚಿನಿಂದ ಚೂರು ಎದ್ದು ಬರುತ್ತೆ. ಒಂದು ಚೂರು ಎದ್ದರೆ ಪಕ್ಕದ್ದೂ ಏಳುತ್ತೆ, ಕೊನೆಗೆ ಇಡೀ ಪುಡಿನೇ, ಅಂದರೆ ಮೇಲಿನ ಚರ್ಮದ ಹೊದಿಕೆಯನ್ನೇ ಬದಲಿಸಬೇಕು.

ಹಿರಿಯರಿಗೆ ಹೀಗೆ ಹೇಳು: "ಯಜಮಾನ್ರೇ, ಸುರ ಕೂಡಿಸಿಟ್ಟೀನ್ರಿ, ಇಳಿದುಬಿಡ್ತದೆ. ಪದ ಮುಗಿದ ಮೇಲೆ ಮೊಮ್ಮಗನ್ನ ಕರ್ಕೊಂಡು ಬರ್ರಿ, ನಾನೇ ಕೂರಿಸ್ಕೊಂಡು ಹೇಳಿಕೊಡ್ತೀನಿ." ಹೇಳಿದ ಮೇಲೆ ನೆನಪಿಟ್ಟು ಕರಿ. ಆ ಹುಡುಗನ ಕೈ ತೊಳೆಸಿ ನಾಲ್ಕು ಬೋಲ್ (ತಬಲಾದ ನುಡಿಗಳು) ಹೇಳಿಕೊಟ್ಟು ಕಳಿಸು.

ಕೋಟೆನಾಡು_ಡೊಳ್ಳು:

ಮೇಷ್ಟ್ರೇ, ಬಹುಪಾಲು ಒಪ್ಪುತ್ತೇನೆ. ಆದರೆ ಸುರ ಇಳಿಯುತ್ತೆ ಅನ್ನೋ ಮಾತು ಬೇಡ. ಮಗು ಬೆರಳಲ್ಲಿ ತಟ್ಟಿದ್ದಕ್ಕೆ ಸುರ ಇಳಿಯಲ್ಲ ಅಲ್ವಾ? ಎಣ್ಣೆ ಕೈ, ಉಂಗುರ, ಇದು ನಿಜವಾದ ಕಾರಣ. ಅದನ್ನೇ ಹೇಳಲಿ. ಸುಳ್ಳು ಕಾರಣ ಕೊಟ್ಟು ದೂರ ಇಡೋದು ನಮ್ಮ ಕಡೆ ಮೊದಲೇ ಜಾಸ್ತಿ ನಡೆದಿದೆ.

ನಾನು ಚಿತ್ರದುರ್ಗದವಳು, ಡೊಳ್ಳು ಬಾರಿಸುತ್ತೇನೆ. ಕಲಿಯೋಕೆ ಹೋದ ಹೊಸದರಲ್ಲಿ ಹೆಣ್ಣುಮಕ್ಕಳು ಡೊಳ್ಳು ಮುಟ್ಟಬಾರದು ಅಂತ ಹೇಳಿದವರಿದ್ದರು. ಡೊಳ್ಳು ಬೀರಪ್ಪನ ಪೂಜೆಗೆ ಸೇರಿದ್ದು, ಅದಕ್ಕೆ ಕೈ ಮುಗಿದು ಹೆಗಲಿಗೆ ಹಾಕಿಕೊಳ್ಳಬೇಕು, ದಾಟಬಾರದು, ಇದನ್ನೆಲ್ಲ ನಾನು ಇವತ್ತಿಗೂ ಮನಸ್ಸಿಟ್ಟು ಪಾಲಿಸುತ್ತೇನೆ. ಆದರೆ ಹುಟ್ಟು ನೋಡಿ, ಹೆಣ್ಣು ಅಂತ ನೋಡಿ ಬೇಡ ಅನ್ನೋದು ಬೇರೆ. ಈಗ ಎಷ್ಟೊಂದು ಊರುಗಳಲ್ಲಿ ಹೆಣ್ಣುಮಕ್ಕಳದೇ ಡೊಳ್ಳಿನ ತಂಡಗಳಿವೆ. ಇನ್ನು ತಮಟೆಯವರ ವಿಷಯ ಎಲ್ಲರಿಗೂ ಗೊತ್ತಿದೆ. ಜಾತ್ರೆಯಲ್ಲಿ ಮುಂದೆ ನಿಂತು ಬಾರಿಸಬೇಕಾದವರು ಅವರೇ, ಗುಡಿ ಬಾಗಿಲ ಹತ್ತಿರ ನಿಲ್ಲಿಸುತ್ತಿದ್ದದ್ದೂ ಅವರನ್ನೇ. ಚರ್ಮ ಹದ ಮಾಡಿ, ಬಿಗಿದು, ಬೆಂಕಿಗೆ ಕಾಯಿಸಿ ನಾದ ಬರಿಸುವ ಕೈಗಳನ್ನೇ ದೂರ ಇಟ್ಟರು. ಹಾಗಾಗಿ ವಾದ್ಯ ಮುಟ್ಟಬೇಡಿ ಅಂತ ಯಾರಾದರೂ ಗದರಿದರೆ ಅದು ಯಾರ ಎದೆಗೆ ಹೇಗೆ ತಾಗುತ್ತೆ ಅಂತ ಸ್ವಲ್ಪ ನೋಡಬೇಕು.

ಕಾರಣ ಹೇಳಿ, ಉಂಗುರ ತೆಗೆಸಿ, ಆಮೇಲೆ ಮುಟ್ಟೋಕೆ ಬಿಡಿ. ಪುಟ್ಟರಾಜ ಗವಾಯಿಗಳು (1914–2010) ಹುಟ್ಟಿದ್ದು ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ. ಎಳೆಯ ವಯಸ್ಸಿನಲ್ಲೇ ಕಣ್ಣು ಹೋಗಿತ್ತು. ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲ ನುಡಿಸುತ್ತಿದ್ದರು. ಅವರು ನಡೆಸಿದ ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಎಷ್ಟೋ ಮಕ್ಕಳು ಇವತ್ತಿಗೂ ಸಂಗೀತ ಕಲಿಯುತ್ತಿದ್ದಾರೆ. ಆ ಮಕ್ಕಳು ವಾದ್ಯ ತಡವಿ ನೋಡದೆ ಹೇಗೆ ಕಲಿಯಬೇಕು?

ತಬಲಾ ಮೇಷ್ಟ್ರು:

ಒಪ್ಪಿದೆ ತಾಯಿ. ಕೈ ಎಣ್ಣೆ ಇದೆ, ಒರೆಸಿಕೊಂಡು ಬರ್ರಿ ಅಂತಲೇ ಹೇಳಲಿ. ಆದರೆ ಗಟ್ಟಾ (ಪಟ್ಟಿ ಬಿಗಿಯೋ ಮರದ ತುಂಡುಗಳು), ಸುತ್ತಿಗೆ ಮಾತ್ರ ಯಾರೂ ಮುಟ್ಟಬಾರದು. ಸುರ ನಿಜವಾಗಿ ಹೋಗೋದು ಅಲ್ಲಿ.

ಜೆಂಬೆ_ಹುಡುಗ:

ಕಾಲೇಜು ಬ್ಯಾಂಡಿನಲ್ಲಿ ಜೆಂಬೆ ನುಡಿಸುತ್ತೇನೆ, ನಮ್ಮಲ್ಲೂ ಇದೇ ತಾಪತ್ರಯ. ಜೆಂಬೆ ಪಶ್ಚಿಮ ಆಫ್ರಿಕಾದ್ದು, ಒಂದೇ ಮರದ ಕೊರಡು ಕೊರೆದು ಮೇಲೆ ಮೇಕೆ ಚರ್ಮ ಬಿಗಿದಿರುತ್ತಾರೆ, ಬರಿಗೈಲಿ ನುಡಿಸೋದು. ಜನ ಡ್ರಮ್ ಅಂದ್ಕೊಂಡು ಕೋಲು ತಗೊಂಡು ಬರ್ತಾರೆ! ಮೇಕೆ ಚರ್ಮ ತೆಳ್ಳಗಿರುತ್ತೆ, ಕೋಲಿನ ಏಟಿಗೆ ತೂತಾಗುತ್ತೆ. ಉಂಗುರ, ಕಡಗ, ವಾಚು ಎಲ್ಲ ತೆಗೆದಿಟ್ಟೇ ಕೂರಬೇಕು.

ಇನ್ನೊಂದು ಮುಖ್ಯ. ಬೇರೆಯವರ ವಾದ್ಯ ತಗೊಂಡು ಹೋದವರು ಬಿಸಿಲಲ್ಲಿ ಬಿಡಬೇಡಿ. ಚಿತ್ರದುರ್ಗದ ಏಪ್ರಿಲ್ ಬಿಸಿಲಿಗೆ ಕಾರಿನೊಳಗೆ ಇಟ್ಟು ಬಾಗಿಲು ಹಾಕಿದರೆ ಚರ್ಮ ಒಣಗಿ ಬಿಗಿದು, ಯಾರೂ ಮುಟ್ಟದೆ ತಾನಾಗೇ ಹರಿದು ಹೋಗುತ್ತೆ.

ನಾವು ಗೆಳೆಯರು ಸುತ್ತ ಕೂತು ನುಡಿಸುವಾಗ ಒಬ್ಬರದು ಒಬ್ಬರು ತಗೋತೀವಿ. ಆದರೂ ಎದ್ದು ನೀರು ಕುಡಿಯೋಕೆ ಹೋದವನ ಜಾಗ ಖಾಲಿ ಅಂತ ಯಾರೂ ಹೋಗಿ ಕೂರಲ್ಲ. ಅವನ ಕಡೆ ಒಮ್ಮೆ ನೋಡ್ತೀವಿ, ಅವನು ತಲೆ ಆಡಿಸಿದರೆ ಕೂರ್ತೀವಿ. ಅಷ್ಟೇ.

ತೊಪ್ಪಿ_ರವೆ:

ಮೃದಂಗದ ಕಡೆಯಿಂದ ನನ್ನದೂ ಸೇರಿಸುತ್ತೇನೆ, ಎರಡನೇ ಪ್ರಶ್ನೆಗೂ ಉತ್ತರ ಇದರಲ್ಲಿದೆ.

ಕಛೇರಿಗೆ ಮುಂಚೆ ಎಡಗಡೆ ಮುಖಕ್ಕೆ, ಅಂದರೆ ತೊಪ್ಪಿಗೆ, ರವೆ ಕಲಸಿ ಮೆತ್ತುತ್ತೇವೆ. ನೀರು ಹೆಚ್ಚಾದರೆ ಜಾರುತ್ತೆ, ಕಡಿಮೆಯಾದರೆ ಒಣಗಿ ಉದುರುತ್ತೆ, ಬೇಕಾದ ಗುಂಕಿ (ತಗ್ಗಿನ ನಾದ) ಸಿಗೋವರೆಗೆ ಚಿಟಿಕೆ ಚಿಟಿಕೆ ತೆಗೆದು ಹಾಕಿ ಸರಿ ಮಾಡಿಕೊಂಡಿರುತ್ತೇವೆ. ಅಂಥ ಹೊತ್ತಲ್ಲಿ ಯಾರೋ ಬಂದು ಇದೇನಿದು ಅಂತ ಬೆರಳಲ್ಲಿ ಒತ್ತಿ ನೋಡಿದರೆ ಅಷ್ಟೂ ಕೆಲಸ ಮತ್ತೆ ಮೊದಲಿಂದ. ಖಂಜಿರ ಅನ್ನೋ ಸಣ್ಣ ಕೈವಾದ್ಯವೂ ಹಾಗೇ. ಒಳಗಡೆ ನೀರು ಚಿಮುಕಿಸಿ ಚರ್ಮ ಸಡಿಲ ಮಾಡಿಕೊಂಡಿರುತ್ತಾರೆ, ಅದು ಸ್ವಲ್ಪ ಹೊತ್ತು ಮಾತ್ರ ಹದದಲ್ಲಿರೋದು. ಆಡಿಸಿ ನೋಡೋಕೆ ಅದು ಸಮಯವಲ್ಲ.

ಈಗ ಬರಿಗೈಲಿ ಹೋಗೋ ವಿಷಯ. ಕಾರ್ಯಕ್ರಮ ಇಟ್ಟುಕೊಂಡವರು "ಅಲ್ಲೇ ತಬಲಾ ಇದೆ, ನುಡಿಸಿ ಸರ್" ಅಂತ ಧಾರಾಳವಾಗಿ ಹೇಳ್ತಾರೆ. ಅದು ಅವರದ್ದಾಗಿರಲ್ಲ! ಯಾರದ್ದು ಅಂತ ವಿಚಾರಿಸಿ, ಸಾಧ್ಯವಾದರೆ ಹಿಂದಿನ ದಿನವೇ ಫೋನ್ ಮಾಡಿ ಅವರನ್ನೇ ಕೇಳಿ. ಯಾವ ಸುರಕ್ಕೆ ಕೂಡಿಸಿದ್ದಾರೆ ಅಂತಲೂ ಕೇಳಿ. ಕರಿ ಒಂದಕ್ಕೆ ಒಗ್ಗಿದ ತಬಲಾವನ್ನು ಹಾಡುವವರಿಗೆ ಬೇಕು ಅಂತ ಬಹಳ ಮೇಲಕ್ಕೆ ಎಳೆದರೆ ಪುಡಿ ಹರಿಯುತ್ತೆ. ಸುರ ಬದಲಿಸಲೇಬೇಕಾದರೆ ಸುತ್ತಿಗೆಯನ್ನು ಅವರ ಕೈಗೇ ಕೊಡಿ. ಕೂರುವಾಗ ಪೌಡರ್ ಹಾಕಿಕೊಳ್ಳೋ ಅಭ್ಯಾಸ ಇದ್ದರೆ ಅದಕ್ಕೂ ಒಂದು ಮಾತು ಕೇಳಿ, ಕೆಲವರಿಗೆ ತಮ್ಮ ಚರ್ಮದ ಮೇಲೆ ಪೌಡರ್ ಬೀಳೋದು ಇಷ್ಟ ಆಗಲ್ಲ. ಮುಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಂಬಿ ಮೇಲೆ ಮೊದಲಿದ್ದ ಹಾಗೇ ಕೂರಿಸಿ, ಮುಚ್ಚಿ, ಅವರಿಗೆ ಹೇಳಿ ಬನ್ನಿ.

ಬೇಡ ಅಂದರೆ ಬೇಜಾರು ಮಾಡ್ಕೋಬೇಡಿ. ಕೆಲವರಿಗೆ ಅದು ಗುರುಗಳು ಕೊಟ್ಟ ವಾದ್ಯ ಆಗಿರುತ್ತೆ. ನಾನು ನನ್ನ ಹಳೇ ಮೃದಂಗವನ್ನು ಯಾರು ಕೇಳಿದರೂ ಕೊಡ್ತೀನಿ, ಕಛೇರಿಯದ್ದನ್ನು ಯಾರಿಗೂ ಕೊಡಲ್ಲ, ಅದನ್ನು ಮುಖಕ್ಕೇ ಹೇಳ್ತೀನಿ.

ಕರಿಒಂದು_ದಾವಣಗೆರೆ:

ಎಲ್ಲರಿಗೂ ತುಂಬಾ ಧನ್ಯವಾದ. ಮೆತ್ತೆ ಹೊಲಿಸೋಕೆ ಇವತ್ತೇ ಕೊಟ್ಟೆ. ಡೊಳ್ಳಿನ ಅಕ್ಕ ಹೇಳಿದ್ದು ಮನಸ್ಸಿಗೆ ನಾಟಿತು. ಮುಂದಿನ ಸೋಮವಾರ ಅದೇ ಗುಡಿಯಲ್ಲಿ ಭಜನೆ ಇದೆ, ಆ ಹುಡುಗ ಬಂದರೆ ಮುಗಿದ ಮೇಲೆ ಕೂರಿಸಿಕೊಳ್ಳುತ್ತೇನೆ. ಒಂದು ಉಳಿಯಿತು. ನಮ್ಮ ಮಂಡಳಿಯ ತಬಲಾವನ್ನು ಪಕ್ಕದ ಊರಿನವರು ಮದುವೆ ಕಾರ್ಯಕ್ರಮಕ್ಕೆ ಅಂತ ಕೇಳುತ್ತಿದ್ದಾರೆ, ರಾತ್ರಿ ಅಲ್ಲೇ ಇರುತ್ತೆ. ಕೊಡಬಹುದಾ?

ತೊಪ್ಪಿ_ರವೆ:

ಯಾರು ನುಡಿಸ್ತಾರೆ ಅಂತ ಕೇಳಿ. ಆ ತಬಲಾದವರು ತಾವೇ ಬಂದು ತಗೊಂಡು ಹೋಗಿ ತಾವೇ ತಂದುಕೊಡೋದಾದರೆ ಮಂಡಳಿಯವರನ್ನೆಲ್ಲ ಕೇಳಿ ಕೊಡಿ. ಕೊಡುವಾಗ ಇಬ್ಬರೂ ಕೂತು ಒಮ್ಮೆ ನುಡಿಸಿ, ಅಂಚು, ಕಪ್ಪು ಎಲ್ಲ ನೋಡಿಕೊಳ್ಳಿ. ಬರೀ ಸಾಮಾನು ಗಾಡಿಗೆ ಹಾಕಿ ಕಳಿಸಿ ಅಂದರೆ ಬೇಡ. ಮದುವೆ ಮನೆಯಲ್ಲಿ ರಾತ್ರಿ ಶಾಮಿಯಾನದ ಕೆಳಗೆ ಇಬ್ಬನಿಗೆ ಬಿಟ್ಟರೆ ಬೆಳಿಗ್ಗೆ ಚರ್ಮ ಸಡಿಲವಾಗಿರುತ್ತೆ, ಅದು ಗೊತ್ತಿಲ್ಲದವರು ಗಟ್ಟಾ ಬಡಿಯೋಕೆ ಶುರು ಮಾಡ್ತಾರೆ.