ಹಡಗಿನಲ್ಲಿ ಸಿಗುವ ವೈನ್ ಹೇಗಿರುತ್ತೆ? ಪ್ಯಾಕೇಜ್ ತಗೊಳ್ಳೋದಾ, ಬೇಡ್ವಾ?

ಹೂಮಳೆ (ಪೊನ್ನಂಪೇಟೆ)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಕೊನೆಗೆ ನಾನು, ನಮ್ಮವರು ಸಿಂಗಾಪುರದಿಂದ ಹಡಗು ಹತ್ತುತ್ತಿದ್ದೇವೆ. ನಾಲ್ಕು ರಾತ್ರಿ. ಪೆನಾಂಗ್, ಫುಕೆಟ್ ನೋಡಿ ವಾಪಸ್. ನಮ್ಮ ಮದುವೆಗೆ 30 ವರ್ಷ ಆಯಿತು ಅಂತ ಮಗ ಟಿಕೆಟ್ ಮಾಡಿಸಿದ್ದಾನೆ. ಅವನಿಗೆ ಸಿಂಗಾಪುರದಲ್ಲೇ ಕೆಲಸ. ರೊಬಸ್ಟಾ ಕಾಫಿ ಕೊಯ್ಲು ಮುಗಿದಿದೆ, ಗಿಡ ಹೂಬಿಡಲು ಬೇಕಾದ ಹೂಮಳೆಯೂ ಈ ಸಲ ಸರಿಯಾದ ಹೊತ್ತಿಗೆ ಬಿತ್ತು. ಹಾಗಾಗಿ ತೋಟ ಬಿಟ್ಟು ಹೊರಡಲು ಧೈರ್ಯ ಬಂದಿದೆ.

ಈಗ ತಲೆಬಿಸಿ ಆಗಿರುವುದು ವೈನ್ ವಿಷಯಕ್ಕೆ. ನಮ್ಮವರು ಸೈನ್ಯದಿಂದ ನಿವೃತ್ತರಾದವರು. ಡಾಕ್ಟರು ಹೇಳಿದ ಮೇಲೆ ರಮ್ ಬಿಟ್ಟರು, ಈಗ ರಾತ್ರಿ ಊಟದ ಜೊತೆ ಎರಡು ಗ್ಲಾಸ್ ವೈನ್, ಅಷ್ಟೇ. ನಾನು ಒಂದು ಗ್ಲಾಸ್. ಮಗ ಹೇಳುತ್ತಾನೆ, ಡ್ರಿಂಕ್ಸ್ ಪ್ಯಾಕೇಜ್ ತಗೊಂಡುಬಿಡಿ, ಆಮೇಲೆ ಲೆಕ್ಕ ನೋಡುವ ಗೋಜು ಇಲ್ಲ ಅಂತ. ತಲೆಗೆ ದಿನಕ್ಕೆ 65 ಡಾಲರ್, ಅದರ ಮೇಲೆ ಶೇ. 18 ಸರ್ವಿಸ್ ಚಾರ್ಜ್. ಒಂದೇ ಕ್ಯಾಬಿನ್‌ನಲ್ಲಿ ಇಬ್ಬರಿದ್ದರೆ ಇಬ್ಬರೂ ತಗೊಳ್ಳಲೇಬೇಕಂತೆ. ಈಗಲೇ ಮಾಡಿದರೆ ಕಡಿಮೆ, ಹಡಗು ಹತ್ತಿದ ಮೇಲೆ ಜಾಸ್ತಿ ಅಂತ ಅವನಿಗೆ ಅವಸರ.

ದುಡ್ಡು ಅವನದ್ದೇ. ಆದರೂ ಸುಮ್ನೆ ಸುರಿಯೋದು ನನಗೆ ಇಷ್ಟ ಇಲ್ಲ. ಅದಕ್ಕಿಂತ ಮುಖ್ಯ, ಅಲ್ಲಿ ಕೊಡುವ ವೈನ್ ಚೆನ್ನಾಗಿರುತ್ತಾ? ಅತ್ತೆ ಕಲಿಸಿದ ಹಾಗೆ ನಾನು ವರ್ಷ ವರ್ಷವೂ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುತ್ತೇನೆ. 21 ದಿನ ಮರದ ಸೌಟಿನಲ್ಲಿ ತಿರುವಿ, ಬಟ್ಟೆಯಲ್ಲಿ ಸೋಸಿ, ಮತ್ತೆ ಬಾಯಿ ಕಟ್ಟಿ ಇಡುವುದು. ಅದು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ. ಆದರೆ ಲೇಬಲ್ ಓದಿ ಹೊರದೇಶದ ವೈನ್ ಆರಿಸಲು ನನಗೆ ಬರುವುದಿಲ್ಲ. ಹೋಗಿ ಬಂದವರು, ಗೊತ್ತಿರುವವರು ದಯವಿಟ್ಟು ಹೇಳಿ.

ಇನ್ನೊಂದು. ಮನೆಯ ವೈನ್ ಒಂದು ಬಾಟಲಿ ತಗೊಂಡು ಹೋಗಬಹುದಾ?

ಸಿದ್ದಾಪುರದವ

ಅಕ್ಕ, ನಾವು ಎರಡು ವರ್ಷದ ಹಿಂದೆ ಹೋಗಿದ್ದೆವು. ಕಂಪನಿ ಹೆಸರು ಬೇಡ. ಮಧ್ಯಾಹ್ನ ಈಜುಕೊಳದ ಪಕ್ಕದ ಬಾರಿನಲ್ಲಿ ಒಂದು ಗ್ಲಾಸ್ ರೆಡ್ ವೈನ್ ತಗೊಂಡೆ. 13 ಡಾಲರ್. ಬೆಚ್ಚಗಿತ್ತು. ಬಾಯಿಗಿಟ್ಟರೆ ಪಂದಿಕರಿಗೆ ಹಾಕುವ ಕಾಚಂಪುಳಿ ಹುಳಿಗೆ ನೀರು ಬೆರೆಸಿದ ಹಾಗೆ. ಹೇಳೋಕೆ ಸಂಕೋಚ, ಅರ್ಧ ಕುಡಿದು ಇಟ್ಟು ಬಂದೆ. ಆಮೇಲೆ ನಾಲ್ಕು ದಿನವೂ ಬಿಯರ್‌ನಲ್ಲೇ ಕಳೆದೆ. ನನ್ನ ಕೇಳಿದರೆ ಹಡಗಿನ ವೈನ್ ಸಹವಾಸವೇ ಬೇಡ.

ನೀಲಿಸೀಸೆ (ನಾಪೋಕ್ಲು)

ಅಕ್ಕ, ನಾನು 9 ವರ್ಷ ಹಡಗಿನಲ್ಲಿ ಕೆಲಸ ಮಾಡಿದವನು. ಮೊದಲ ಎರಡು ವರ್ಷ ಬಾರಿನಲ್ಲಿ ಗ್ಲಾಸ್ ಒರೆಸಿದೆ. ಆಮೇಲೆ ಊಟದ ಹಾಲ್‌ನಲ್ಲಿ ವೈನ್ ಬಡಿಸುವ ಕೆಲಸ. ಈಗ ಊರಲ್ಲೇ ಇದ್ದೇನೆ, ತೋಟ, ಜೊತೆಗೆ ಒಂದು ಸಣ್ಣ ಹೋಂಸ್ಟೇ. ನಿಮ್ಮ ಪ್ರಶ್ನೆ ನೋಡಿ ಸುಮ್ಮನಿರಲು ಆಗಲಿಲ್ಲ.

ಮೊದಲು ಸಿದ್ದಾಪುರದ ಅಣ್ಣನಿಗೆ. ನಿಮಗೆ ಸಿಕ್ಕಿದ್ದು ಕೆಟ್ಟ ವೈನ್ ಅಲ್ಲ, ಕೆಟ್ಟುಹೋದ ವೈನ್. ಎರಡಕ್ಕೂ ವ್ಯತ್ಯಾಸ ಇದೆ. ಹೂಮಳೆ ಅಕ್ಕನಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ಭರಣಿಯ ಬಾಯಿ ಸರಿಯಾಗಿ ಕಟ್ಟದಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತು. ಗಾಳಿ ತಾಗಿದರೆ ವೈನ್ ಹುಳಿ ಕಡೆಗೆ ಹೋಗುತ್ತದೆ. 750 ಎಂಎಲ್ ಬಾಟಲಿಯಲ್ಲಿ 150 ಎಂಎಲ್ ಲೆಕ್ಕದಲ್ಲಿ ಐದು ಗ್ಲಾಸ್. ರಾತ್ರಿ ಹತ್ತಕ್ಕೆ ಒಬ್ಬರು ಒಂದು ಗ್ಲಾಸ್ ಕೇಳುತ್ತಾರೆ, ಬಾಟಲಿ ತೆರೆಯುತ್ತಾರೆ. ಉಳಿದ ನಾಲ್ಕು ಗ್ಲಾಸ್ ಮರುದಿನ ಮಧ್ಯಾಹ್ನದವರೆಗೆ ಕಾಯಬೇಕು. ಈಜುಕೊಳದ ಬಾರಿನಲ್ಲಿ ವೈನ್ ಕೇಳುವವರೇ ಕಡಿಮೆ, ಎಲ್ಲರಿಗೂ ಬಿಯರ್, ಕಾಕ್‌ಟೇಲ್. ಅಲ್ಲಿ ತೆರೆದ ಬಾಟಲಿ ಎರಡು ದಿನವೂ ನಿಂತೀತು. ಮೇಲೆ ಬಿಸಿಲು ಬೇರೆ.

ನಮ್ಮ ಹಿರಿಯ ಬಾರ್‌ಮ್ಯಾನ್ ಒಬ್ಬರು ಬಾಟಲಿ ತೆರೆದ ಕೂಡಲೇ ಲೇಬಲ್ ಮೂಲೆಯಲ್ಲಿ ಮೇಣದ ಪೆನ್ಸಿಲ್‌ನಲ್ಲಿ ತಾರೀಕು, ಗಂಟೆ ಬರೆಯುತ್ತಿದ್ದರು. ರಾತ್ರಿ ಬಾರ್ ಮುಚ್ಚುವಾಗ ಕುತ್ತಿಗೆ ಒರೆಸಿ, ಪಂಪ್‌ನಿಂದ ಗಾಳಿ ಎಳೆದು ಫ್ರಿಜ್‌ಗೆ ಇಡುವುದು. ಬೆಳಗ್ಗೆ ಪ್ರತಿ ಬಾಟಲಿಯನ್ನೂ ಮೂಸಿ, ಸಂಶಯ ಬಂದದ್ದನ್ನು ಅಡಿಗೆಮನೆಗೆ ಕಳುಹಿಸುತ್ತಿದ್ದರು. ಅಂಥವರ ಬಾರಿನಲ್ಲಿ ಗ್ಲಾಸ್ ವೈನ್ ಕಣ್ಣುಮುಚ್ಚಿ ಕುಡಿಯಬಹುದು. ಎಲ್ಲಾ ಕಡೆ ಅಂಥವರು ಇರುವುದಿಲ್ಲ. ಹಾಗಾಗಿ ಕೇಳಿ: "ಈ ಬಾಟಲಿ ಯಾವಾಗ ತೆರೆದದ್ದು?" ಇದರಲ್ಲಿ ಸಂಕೋಚ ಯಾಕೆ? ನನ್ನನ್ನು ಕೇಳಿದವರ ಮೇಲೆ ನನಗೆ ಗೌರವ ಹೆಚ್ಚುತ್ತಿತ್ತು. ಹೊಸದು ತೆರೆದುಕೊಡುತ್ತಿದ್ದೆ.

ಇನ್ನು ಗುಣಮಟ್ಟ. ಹಡಗಿನ ಪಟ್ಟಿಯಲ್ಲಿ ಚಿಲಿ, ಅರ್ಜೆಂಟೀನಾ, ಆಸ್ಟ್ರೇಲಿಯಾ, ಕ್ಯಾಲಿಫೋರ್ನಿಯಾದ ದೊಡ್ಡ ಕಂಪನಿಗಳ ವೈನೇ ಜಾಸ್ತಿ ಕಾಣುತ್ತದೆ. ಸಾವಿರಾರು ಜನ ಇರುವ ಹಡಗು, ಅಂಥವು ಹತ್ತಾರು. ಎಲ್ಲದರಲ್ಲೂ ಒಂದೇ ಪಟ್ಟಿ ಇರಬೇಕು, ವರ್ಷವಿಡೀ ಮಾಲು ಸಿಗಬೇಕು. ಸಣ್ಣ ತೋಟದವನಿಂದ ಇದು ಸಾಧ್ಯವಿಲ್ಲ. ನಮ್ಮ ಕಾಫಿಯಲ್ಲೂ ಹಾಗೆ ಅಲ್ವಾ? ದೊಡ್ಡ ಬ್ರ್ಯಾಂಡ್‌ನ ಪುಡಿ ಎಲ್ಲಿ ತಗೊಂಡರೂ ಅದೇ ರುಚಿ. ನಿಮ್ಮ ತೋಟದ ಒಂದು ಮೂಲೆಯ ಕಾಫಿಯ ವಿಶೇಷ ಅದರಲ್ಲಿ ಇರುವುದಿಲ್ಲ, ಆದರೆ ಮೋಸವೂ ಇರುವುದಿಲ್ಲ.

ಬೆಲೆ ಬಗ್ಗೆ ಒಂದು ಮಾತು. ಅಮೆರಿಕದವರು ಹಡಗಿನ ವೈನ್ ದುಬಾರಿ ಅಂತ ಸಿಟ್ಟಾಗುತ್ತಾರೆ. ಅವರಿಗೆ ಅದು ನ್ಯಾಯವೇ. ಮನೆ ಪಕ್ಕದ ಅಂಗಡಿಯಲ್ಲಿ 12 ಡಾಲರ್‌ಗೆ ಸಿಗುವ ಬಾಟಲಿ ಹಡಗಿನಲ್ಲಿ 40 ದಾಟಿದರೆ ಯಾರಿಗಾದರೂ ಹೊಟ್ಟೆ ಉರಿಯುತ್ತದೆ. ನಮ್ಮ ಲೆಕ್ಕ ಬೇರೆ. ಹೊರದೇಶದ ವೈನಿಗೆ ನಮ್ಮಲ್ಲಿ ಬಹಳ ವರ್ಷ ಕಸ್ಟಮ್ಸ್ ಸುಂಕವೇ ಶೇ. 150 ಇತ್ತು. ಬೆಂಗಳೂರಿನ ದೊಡ್ಡ ಹೋಟೆಲಲ್ಲಿ ಅದೇ ಬಾಟಲಿಗೆ ಎಷ್ಟು ಕೊಡುತ್ತೀರಿ ಅಂತ ನೋಡಿದರೆ ಹಡಗಿನ ಬಾಟಲಿ ಬೆಲೆ ಅಷ್ಟು ಕೆಟ್ಟದ್ದಲ್ಲ. ಗ್ಲಾಸ್ ಲೆಕ್ಕದಲ್ಲಿ ಕೊಂಡರೆ ಮಾತ್ರ ನಷ್ಟ.

ಈಗ ನಿಮ್ಮ ಪ್ಯಾಕೇಜ್. 65 ಡಾಲರ್, ಇಬ್ಬರು, ನಾಲ್ಕು ದಿನ: 520. ಶೇ. 18 ಸೇರಿಸಿದರೆ 613 ದಾಟುತ್ತದೆ. ನೀವಿಬ್ಬರೂ ಸೇರಿ ದಿನಕ್ಕೆ ಮೂರು ಗ್ಲಾಸ್, ನಾಲ್ಕು ರಾತ್ರಿಗೆ 12. ಅಂದರೆ ಹತ್ತಿರ ಹತ್ತಿರ ಎರಡೂವರೆ ಬಾಟಲಿ! 45 ಡಾಲರ್‌ನ ಬಾಟಲಿ ಮೂರು ತಗೊಂಡರೂ ಸರ್ವಿಸ್ ಚಾರ್ಜ್ ಸೇರಿ 160ರ ಒಳಗೆ ಮುಗಿಯುತ್ತದೆ. ಬೆಳಗ್ಗೆಯಿಂದ ಕಾಫಿ, ಜ್ಯೂಸ್, ಕಾಕ್‌ಟೇಲ್ ಅಂತ ಕುಡಿಯುತ್ತಲೇ ಇರುವವರಿಗೆ ಪ್ಯಾಕೇಜ್ ಗಿಟ್ಟುತ್ತದೆ. ನಿಮಗಲ್ಲ. ಅದೂ ಅಲ್ಲದೆ ಪ್ಯಾಕೇಜ್‌ನಲ್ಲಿ ಸಿಗುವುದು ಸಾಮಾನ್ಯವಾಗಿ ಇಂತಿಷ್ಟು ಡಾಲರ್‌ವರೆಗಿನ ಗ್ಲಾಸ್ ವೈನ್ ಮಾತ್ರ, ಬಾಟಲಿ ಅಲ್ಲ.

ಬಾಟಲಿ ಒಂದೇ ದಿನ ಮುಗಿಸಬೇಕು ಅಂತ ಏನೂ ಇಲ್ಲ, ಇದು ಬಹಳ ಜನರಿಗೆ ಗೊತ್ತಿರುವುದಿಲ್ಲ. ಉಳಿದದ್ದಕ್ಕೆ ಬಿರಡೆ ಹಾಕಿ, ಕುತ್ತಿಗೆಗೆ ನಿಮ್ಮ ಕ್ಯಾಬಿನ್ ನಂಬರಿನ ಚೀಟಿ ಕಟ್ಟಿ ಎತ್ತಿಡುತ್ತಾರೆ. ಮರುದಿನ ಊಟಕ್ಕೆ ಕೂತಾಗ ಅದೇ ಬಾಟಲಿ ಬರುತ್ತದೆ. ಒಂದು ರಾತ್ರಿಗೆ ಏನೂ ಆಗುವುದಿಲ್ಲ, ಮೂರನೆಯ ದಿನಕ್ಕೆ ಮಾತ್ರ ಉಳಿಸಬೇಡಿ.

ಮನೆಯ ವೈನ್ ಹಡಗಿಗೆ ಬೇಡ ಅಕ್ಕ. ಹಲವು ಕಂಪನಿಗಳು ಹತ್ತುವ ದಿನ ಒಬ್ಬರಿಗೆ 750 ಎಂಎಲ್‌ನ ಒಂದು ಬಾಟಲಿ ವೈನ್ ತರಲು ಬಿಡುತ್ತವೆ. ಆದರೆ ತೆರೆಯದ, ಸೀಲ್ ಒಡೆಯದ ಬಾಟಲಿಯೇ ಆಗಬೇಕು. ಮನೆಯಲ್ಲಿ ತುಂಬಿಸಿದ್ದು ಅಂದರೆ ಬಾಗಿಲಲ್ಲೇ ಎತ್ತಿಟ್ಟುಬಿಡುತ್ತಾರೆ. ನನ್ನ ಕಣ್ಣೆದುರೇ ಒಬ್ಬ ಅಜ್ಜನ ಬಾಟಲಿ ಹಾಗೆ ಹೋಯಿತು, ಆ ಮುಖ ಇನ್ನೂ ಮರೆತಿಲ್ಲ. ಬದಲಿಗೆ ಸಿಂಗಾಪುರದ ಚಾಂಗಿ ವಿಮಾನ ನಿಲ್ದಾಣದಲ್ಲಿ ಇಳಿದಾಗ ಡ್ಯೂಟಿ ಫ್ರೀಯಲ್ಲಿ ಎರಡು ಬಾಟಲಿ ಕೊಳ್ಳಿ. ಊರೊಳಗಿನ ಅಂಗಡಿಗಳಲ್ಲಿ ಅಬಕಾರಿ ಸುಂಕದಿಂದ ವೈನ್ ತುಂಬಾ ದುಬಾರಿ. ನಮ್ಮ ದೇಶದಿಂದ ಬರುವವರಿಗೆ ತಲೆಗೆ ಎರಡು ಲೀಟರ್‌ವರೆಗೆ ಸುಂಕ ಇಲ್ಲ. ಹಡಗು ಹತ್ತುವಾಗ ಅವನ್ನು ಕೈಚೀಲದಲ್ಲಿ ಇಟ್ಟುಕೊಳ್ಳಿ, ಸೂಟ್‌ಕೇಸ್‌ಗೆ ಹಾಕಬೇಡಿ. ಊಟದ ಹಾಲ್‌ನಲ್ಲಿ ತೆರೆಸಿದರೆ ಕಾರ್ಕೇಜ್ ಅಂತ ಸ್ವಲ್ಪ ದುಡ್ಡು ತಗೊಳ್ಳುತ್ತಾರೆ. ನಿಮ್ಮ ಕಂಪನಿಯ ನಿಯಮ ಏನು ಅಂತ ಮಗನಿಗೆ ಒಮ್ಮೆ ನೋಡಲು ಹೇಳಿ.

ಕಪ್‌ಟೇಸ್ಟರ್ (ಕುಶಾಲನಗರ)

ಇಬ್ಬರ ಮಾತೂ ಓದಿದೆ. ನಾನು ವೈನ್ ಪಂಡಿತ ಅಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕಾಫಿ ರುಚಿ ನೋಡುವ ಕೆಲಸದಲ್ಲಿದ್ದವನು. ಒಂದು ವಿಷಯ ಸೇರಿಸಲೇಬೇಕು ಅನ್ನಿಸಿತು.

ಬಾಟಲಿ ತೆರೆದು ಗ್ಲಾಸ್‌ಗೆ ಒಂದು ಗುಟುಕು ಹಾಕಿ ಕೊಡುತ್ತಾರಲ್ಲ, ಅದು ಶಾಸ್ತ್ರಕ್ಕೆ ಅಲ್ಲ. ಮೂಸಿ ನೋಡಿ. ಮಳೆಗಾಲದಲ್ಲಿ ಗೋದಾಮಿನ ಮೂಲೆಯಲ್ಲಿ ಒದ್ದೆಯಾಗಿ ಬಿದ್ದ ಗೋಣಿಚೀಲದ ವಾಸನೆ ಬಂದರೆ ವಾಪಸ್ ಕೊಡಿ. ಬಿರಡೆಯಿಂದ ಬರುವ ದೋಷ ಅದು. ಅದಕ್ಕೆ ಕಾರಣವಾದ ವಸ್ತುವಿನ ಹೆಸರು ಟ್ರೈಕ್ಲೋರೋಅನಿಸೋಲ್, ಟಿಸಿಎ ಅನ್ನುತ್ತಾರೆ. ಒಂದು ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗು ಹಿಡಿಯುತ್ತದೆ. ಕಾಫಿಯಲ್ಲಿ ನಾವು "ರಿಯೋ" ಅಂತ ತಿರಸ್ಕರಿಸುವ ಕಪ್ ಇದೆಯಲ್ಲ, ಅದರ ಹಿಂದೆ ಇರುವುದೂ ಇದೇ ಟಿಸಿಎ. ನನಗೆ ಇದು ಗೊತ್ತಾದ ದಿನ ಎಷ್ಟು ಖುಷಿ ಆಯಿತು ಅಂದರೆ, ಮನೆಯವರನ್ನೆಲ್ಲ ಕೂರಿಸಿ ಹೇಳಿದ್ದೆ. ಕುಡಿದರೆ ಆರೋಗ್ಯಕ್ಕೆ ತೊಂದರೆ ಇಲ್ಲ, ಆದರೆ ವೈನಿನ ಹಣ್ಣಿನ ಘಮವನ್ನು ಪೂರ್ತಿ ಮುಚ್ಚಿಬಿಡುತ್ತದೆ.

ಹೂಮಳೆ ಅಕ್ಕ, ವರ್ಷಗಟ್ಟಲೆ ಗೋಣಿಚೀಲಗಳ ಮಧ್ಯೆ ಓಡಾಡಿದ ಮೂಗು ನಿಮ್ಮದು. ಲೇಬಲ್ ಓದಲು ಬರಲ್ಲ ಅಂತ ಹಿಂಜರಿಯಬೇಡಿ.

ಹೂಮಳೆ (ಪೊನ್ನಂಪೇಟೆ)

ಎಷ್ಟು ವಿವರವಾಗಿ ಬರೆದಿದ್ದೀರಿ, ತುಂಬಾ ಥ್ಯಾಂಕ್ಸ್. ಮಗನಿಗೆ ಈ ಲೆಕ್ಕ ಕಳುಹಿಸಿದೆ. ಪ್ಯಾಕೇಜ್ ಬೇಡ ಅಂತ ಆಯಿತು. ನಾಪೋಕ್ಲು ತಮ್ಮ, ಇನ್ನೊಂದೇ ಪ್ರಶ್ನೆ. ಪಟ್ಟಿ ಕೈಗೆ ಬಂದಾಗ ಏನು ಕೇಳಲಿ? ನಮ್ಮವರಿಗೆ ಊಟ ಖಾರ ಇರಲೇಬೇಕು. ಹಡಗಿನಲ್ಲೂ ಇಂಡಿಯನ್ ಊಟ, ಥಾಯ್ ಊಟ ಹುಡುಕುವವರು.

ನೀಲಿಸೀಸೆ (ನಾಪೋಕ್ಲು)

ಖಾರದ ಊಟಕ್ಕೆ ಗಡಸು ರೆಡ್ ಬೇಡ ಅಕ್ಕ. ಕ್ಯಾಬರ್ನೆ ಸಾವಿನ್ಯಾನ್ ಥರದ್ದರಲ್ಲಿ ಒಗರು ಜಾಸ್ತಿ, ಆಲ್ಕೋಹಾಲೂ ಜಾಸ್ತಿ. ಮೆಣಸಿನ ಉರಿ ಇನ್ನೂ ಏರುತ್ತದೆ. ರೀಸ್ಲಿಂಗ್ ಅನ್ನುವ ಬಿಳಿ ವೈನ್ ಕೇಳಿ, ಸ್ವಲ್ಪ ಸಿಹಿ ಉಳಿದಿರುವುದು ಇದೆಯಾ ಅಂತ ಕೇಳಿ. ಆ ಸಿಹಿ ಖಾರವನ್ನು ಸಮ ಮಾಡುತ್ತದೆ, ಹುಳಿ ಬಾಯಿ ತೊಳೆಯುತ್ತದೆ. ಮೀನು, ಸಿಗಡಿ ಆದರೆ ನ್ಯೂಜಿಲ್ಯಾಂಡ್‌ನ ಸಾವಿನ್ಯಾನ್ ಬ್ಲಾಂಕ್, ಅದೂ ಬಿಳಿ ವೈನೇ. ಅದಕ್ಕೆ ಹೆಚ್ಚಾಗಿ ತಿರುಗಿಸುವ ಮುಚ್ಚಳ ಇರುತ್ತದೆ, ಬಿರಡೆಯ ಗೋಣಿ ವಾಸನೆಯ ಭಯವೂ ಇಲ್ಲ. ನಿಮ್ಮವರಿಗೆ ರೆಡ್ಡೇ ಬೇಕು ಅಂದರೆ ಅರ್ಜೆಂಟೀನಾದ ಮಾಲ್ಬೆಕ್, ಕುರಿ ಮಾಂಸದ ಜೊತೆ.

ರೆಡ್ ಬೆಚ್ಚಗಿದ್ದರೆ ಐಸ್ ಬಕೆಟ್ ತರಿಸಿ ಹತ್ತು ನಿಮಿಷ ಇಡಿ. ರೂಮಿನ ಉಷ್ಣಾಂಶದಲ್ಲಿ ಕುಡಿಯಬೇಕು ಅನ್ನುವ ಮಾತು ಚಳಿ ದೇಶದ್ದು, 18 ಡಿಗ್ರಿ ಆಸುಪಾಸಿನ ರೂಮು. ನಮ್ಮ ಪೊನ್ನಂಪೇಟೆಯ ಡಿಸೆಂಬರ್ ಸಂಜೆಗೆ ಸರಿಹೋದೀತು, ಫುಕೆಟ್‌ನ ಏಪ್ರಿಲ್‌ಗೆ ಅಲ್ಲ.

ಹೂಮಳೆ (ಪೊನ್ನಂಪೇಟೆ)

ಹೋಗಿ ಬಂದೆವು. ಬಂದು ಮೂರು ದಿನ ಆಯಿತು, ತೋಟದ ಕೆಲಸದಲ್ಲಿ ಬರೆಯಲು ಆಗಿರಲಿಲ್ಲ.

ಚಾಂಗಿಯಲ್ಲಿ ಒಂದು ಮಾಲ್ಬೆಕ್, ಒಂದು ರೀಸ್ಲಿಂಗ್ ಕೊಂಡೆವು. ಹಡಗಿನಲ್ಲಿ ಒಂದು ಸಾವಿನ್ಯಾನ್ ಬ್ಲಾಂಕ್, 46 ಡಾಲರ್. ನಾಲ್ಕು ರಾತ್ರಿಗೆ ಅಷ್ಟೇ ಸಾಕಾಯಿತು. ಕಾರ್ಕೇಜ್ ಎರಡು ಬಾಟಲಿಗೂ ಕೊಟ್ಟೆವು.

ಮೊದಲ ರಾತ್ರಿ ಮಾಲ್ಬೆಕ್ ಬೆಚ್ಚಗಿತ್ತು. ಐಸ್ ಬಕೆಟ್ ಕೇಳಿದೆ. ಬಡಿಸುವ ಹುಡುಗ ಫಿಲಿಪೀನ್ಸ್‌ನವನು, ನಗುತ್ತಾ ತಂದ. ಹತ್ತು ನಿಮಿಷ ಬಿಟ್ಟು ಕುಡಿದರೆ ಬೇರೆಯೇ ವೈನ್. ನಮ್ಮವರು ಗ್ಲಾಸ್ ಮೂಗಿನ ಹತ್ತಿರ ಹಿಡಿದು, ನೇರಳೆ ಹಣ್ಣು ಕಣೇ ಅಂದರು. ಎರಡನೇ ರಾತ್ರಿ ಕೂತ ಕೂಡಲೇ ಅದೇ ಬಾಟಲಿ ಬಂತು, ಕುತ್ತಿಗೆಗೆ ನಮ್ಮ ಕ್ಯಾಬಿನ್ ನಂಬರಿನ ಚೀಟಿ. ಆ ಚೀಟಿಯನ್ನು ಕೇಳಿ ತಂದಿದ್ದೇನೆ. ಈಗ ಅಡಿಗೆಮನೆಯ ಭರಣಿಯ ಕುತ್ತಿಗೆಗೆ ಕಟ್ಟಿದ್ದೇನೆ.

ನಾಪೋಕ್ಲು ತಮ್ಮ, ಕುಶಾಲನಗರದ ಅಣ್ಣ, ಸಿದ್ದಾಪುರದವರು, ಕೈಲ್‌ಪೊಳ್ದ್ ಹಬ್ಬಕ್ಕೆ ಈ ಕಡೆ ಬಂದರೆ ಮನೆಗೆ ಬನ್ನಿ. ಪಂದಿಕರಿ, ಕಡಂಬುಟ್ಟು ಇರುತ್ತದೆ. ಭರಣಿಯೂ ಅಷ್ಟರಲ್ಲಿ ತೆರೆಯಲು ಬಂದಿರುತ್ತದೆ.